ಇಂಟರ್ನೆಟ್ ಬಿಲ್ಲಿನ ನಿಜವಾದ ಲೆಕ್ಕ ಹಾಕುವುದು ಹೇಗೆ?

ಹೊಸದಾಗಿ ಸೇರುವವರಿಗೆ ಕಡಿಮೆ ದರ. ವರ್ಷಗಟ್ಟಲೆ ತಪ್ಪದೆ ದುಡ್ಡು ಕಟ್ಟಿದವರಿಗೆ ಜಾಸ್ತಿ ದರ. ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತುವವರ ಮೇಲೆ ರೇಗಬೇಡಿ. ದರ ಇಟ್ಟವರು ಅವರಲ್ಲ. ಲೆಕ್ಕ ಕೈಯಲ್ಲಿ ಹಿಡಿದು ಮಾತಾಡಿ.

ಮೊದಲು ಬಿಲ್ ಬಿಡಿಸಿ ಓದಿ. ಪ್ಲಾನ್ ದರದ ಕೆಳಗೆ ಸಣ್ಣ ಅಕ್ಷರದಲ್ಲಿ ರೌಟರ್ ಬಾಡಿಗೆ, ತೆರಿಗೆ ಇವೆಯೇ ನೋಡಿ. ಆಫರ್ ಎಷ್ಟು ತಿಂಗಳಿಗೆ ಎಂಬುದನ್ನೂ ನೋಡಿ. ಒಪ್ಪಂದ 24 ತಿಂಗಳು, ಆಫರ್ 6 ತಿಂಗಳು ಅಂದರೆ ಉಳಿದ 18 ತಿಂಗಳು ಪೂರ್ತಿ ದರವೇ. ಅಷ್ಟೂ ತಿಂಗಳ ದುಡ್ಡು, ಜೊತೆಗೆ ಕನೆಕ್ಷನ್ ಹಾಕಿಸಿದ ಖರ್ಚು ಕೂಡಿಸಿ 24ರಿಂದ ಭಾಗಿಸಿ. ನಿಮ್ಮ ನಿಜವಾದ ತಿಂಗಳ ದರ ಅದು.

ಇನ್ನು ವೇಗ. ಜನ ಜಾಸ್ತಿ ಎಡವುವುದು ಇಲ್ಲೇ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ನಾವು ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿ 1 ಬೈಟ್. ಹಾಗಾಗಿ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಡೌನ್‌ಲೋಡ್ ಆಗುವಾಗ 11 ಎಂದು ತೋರಿಸಿದರೆ ಕಂಪನಿಯ ತಪ್ಪಿಲ್ಲ. 4 ತೋರಿಸಿದರೆ ಮಾತ್ರ ವಿಚಾರಿಸಬೇಕು. ಅದಕ್ಕೂ ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೌಟರ್‌ಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಗೋಡೆ ದಾಟುವಾಗ ವೈಫೈ ಸೊರಗುತ್ತದೆ. ಬೆಳಗ್ಗೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ, ಹೀಗೆ ಒಂದು ವಾರ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾತ್ರಿ ಮಾತ್ರ ಕುಸಿದರೆ, ಒಂದೇ ಲೈನನ್ನು ತುಂಬಾ ಮನೆಗಳಿಗೆ ಹಂಚಿರಬಹುದು. ಪ್ಲಾನ್‌ನಲ್ಲಿ ‘100ರವರೆಗೆ’ ಎಂದು ಬರೆದಿದ್ದರೆ ಕನಿಷ್ಠ ಎಷ್ಟು ಕೊಡುತ್ತೀರಿ ಎಂದು ಕೇಳಿ. ಆ ‘ವರೆಗೆ’ ನನಗೆ ಎಂದೂ ಸರಿ ಎನಿಸಿಲ್ಲ.

ಡೇಟಾ ಮಿತಿಯನ್ನೂ, ಅಂದರೆ ಎಷ್ಟು ಡೇಟಾ ಬಳಸಬಹುದು ಎಂಬುದನ್ನೂ ನೋಡಿ. 100 ಎಂಬಿಪಿಎಸ್ ಪೂರ್ತಿ ಓಡಿದರೆ 1 ಟೆರಾಬೈಟ್ (10 ಲಕ್ಷ ಮೆಗಾಬೈಟ್) ಮುಗಿಯಲು ಸುಮಾರು 22 ಗಂಟೆ ಸಾಕು.

ನಿಮಗೆ ಬೇಕಾದದ್ದು ಎಷ್ಟು? ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ಕು ಜನ ಒಟ್ಟಿಗೆ ನೋಡಿದರೂ 20. ಸುಮ್ನೆ 300 ಎಂಬಿಪಿಎಸ್ ಪ್ಲಾನ್‌ಗೆ ಯಾಕೆ ಕಟ್ಟಬೇಕು?

ಈಗ ಫೋನ್ ಮಾಡಿ. ನಿಮ್ಮ ತಿಂಗಳ ಲೆಕ್ಕ, ವಾರದ ವೇಗ, ಹೊಸಬರಿಗೆ ಕೊಡುವ ದರ, ಮೂರನ್ನೂ ಹೇಳಿ. ಅದೇ ದರ ಕೊಡದಿದ್ದರೆ ಕನೆಕ್ಷನ್ ಬಿಡುತ್ತೇನೆ ಎನ್ನಿ. ಆದರೆ ಒಪ್ಪಂದ ಮುಗಿದಿದೆಯೇ ಎಂದು ಮೊದಲೇ ನೋಡಿಕೊಂಡಿರಿ. ದರ ಇಳಿಸಲು ಒಪ್ಪಿದರೆ, ಎಷ್ಟು ತಿಂಗಳವರೆಗೆ ಎಂಬುದನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ. ಅದು ಬರುವ ತನಕ ಫೋನ್ ಇಡಬೇಡಿ.