ಆಫ್‌ಸ್ಪಾ ಇರುವ ಊರಿನಲ್ಲಿ ಸೇನೆ ಮನೆಯವರನ್ನು ಕರೆದೊಯ್ದರೆ ಏನು ಮಾಡಬೇಕು?

ಮಣಿಪುರ, ನಾಗಾಲ್ಯಾಂಡ್‌ಗಳಿಂದ ಓದಲು, ದುಡಿಯಲು ಬೆಂಗಳೂರಿಗೆ ಬಂದವರು ನಮ್ಮ ಅಕ್ಕಪಕ್ಕದಲ್ಲೇ ಬಾಡಿಗೆಗಿದ್ದಾರೆ. ಊರಿನಲ್ಲಿರುವ ಅಣ್ಣನನ್ನು ಸೈನಿಕರು ಕರೆದೊಯ್ದರೆಂದು ಅವರಿಗೆ ಫೋನ್ ಬಂದರೆ, ನಾವು ಧೈರ್ಯ ಹೇಳಿದರೆ ಸಾಲದು. ದೂರು ಬರೆಯಲೂ ಜೊತೆಗೆ ಕೂರಬೇಕು.

ಮೊದಲು ಸ್ಥಳವನ್ನು ಖಚಿತಪಡಿಸಿಕೊಳ್ಳಿ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಂದರೆ ಆಫ್‌ಸ್ಪಾ, ಅನ್ವಯಿಸುವುದು ‘ಪ್ರಕ್ಷುಬ್ಧ ಪ್ರದೇಶ’ವೆಂದು ಅಧಿಸೂಚನೆ ಹೊರಡಿಸಿದ ಕಡೆ ಮಾತ್ರ. ಮಣಿಪುರದಲ್ಲಿ ಇದು ಪೊಲೀಸ್ ಠಾಣಾ ವ್ಯಾಪ್ತಿಯ ಲೆಕ್ಕದಲ್ಲಿ ಬದಲಾಗುತ್ತದೆ: 2022ರಲ್ಲಿ ಹಲವು ಠಾಣೆಗಳನ್ನು ಕೈಬಿಡಲಾಯಿತು, 2024ರ ನವೆಂಬರ್‌ನಲ್ಲಿ ಜಿರಿಬಾಮ್ ಸೇರಿ ಆರು ಠಾಣೆಗಳಿಗೆ ಮತ್ತೆ ಹೇರಲಾಯಿತು. ಘಟನೆಯ ದಿನ ಜಾರಿಯಲ್ಲಿದ್ದ ಅಧಿಸೂಚನೆಯ ಪ್ರತಿಯನ್ನೇ ಪಡೆಯಿರಿ.

ಕಾಯ್ದೆಯ 4ನೇ ಸೆಕ್ಷನ್ ವಾರಂಟ್ ಇಲ್ಲದೆ ಬಂಧಿಸುವ, ಮನೆ ಶೋಧಿಸುವ ಅಧಿಕಾರವನ್ನು ಕೊಡುತ್ತದೆ, ನಿಜ. ಆದರೆ ಬಂಧಿತರನ್ನು ಆದಷ್ಟು ಬೇಗ ಹತ್ತಿರದ ಠಾಣೆಗೆ ವರದಿಸಮೇತ ಒಪ್ಪಿಸಬೇಕೆಂದು 5ನೇ ಸೆಕ್ಷನ್ ಕಟ್ಟಳೆ ಹಾಕಿದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ ನಿಯಮವೂ ಉಳಿದಿದೆ. ಕುಟುಂಬದ ಬಲವೆಲ್ಲ ಇರುವುದು ಈ ಗಡುವಿನಲ್ಲಿ. ಹಾಗಾಗಿ ಅದೇ ದಿನ ಠಾಣೆಗೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಮೊಹರು, ಸಹಿ, ಸಮಯ ಹಾಕಿಸಿಕೊಳ್ಳಿ. ದೂರಿನಲ್ಲಿ ‘ರಾತ್ರಿ ಕರೆದೊಯ್ದರು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಗಡಿಯಾರ ನೋಡದಿದ್ದರೆ, ‘ಒಂಬತ್ತರ ವಾರ್ತೆ ಮುಗಿದು ಅಮ್ಮ ಒಲೆ ಆರಿಸುತ್ತಿದ್ದಾಗ ಹಿತ್ತಲ ಬಾಗಿಲು ತಟ್ಟಿದರು’ ಎಂದು ನೆನಪಿದ್ದಂತೆಯೇ ಬರೆಯಿರಿ. ವಾಹನದ ಸಂಖ್ಯೆ, ತೋಳಪಟ್ಟಿಯ ಗುರುತು, ಅಣ್ಣ ತೊಟ್ಟಿದ್ದ ಬಟ್ಟೆ, ನೋಡಿದ ನೆರೆಯವರ ಹೆಸರು, ಎಲ್ಲವೂ ಇರಲಿ.

ಠಾಣೆಯಲ್ಲೂ ಅವರಿಲ್ಲವೆಂದರೆ ಕಾಯಬೇಡಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕರೆದೊಯ್ದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಿಸಿ. ಬಂಧಿತರಿಗೂ ಪರಿಶಿಷ್ಟ ಪಂಗಡದವರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 1982ರಲ್ಲಿ ಮಣಿಪುರದ ಹುಯಿನಿಂಗ್ ಗ್ರಾಮದ ಇಬ್ಬರನ್ನು ಸೈನಿಕರು ಕರೆದೊಯ್ದರು, ಅವರು ಮರಳಲಿಲ್ಲ. ಬಿಟ್ಟು ಕಳುಹಿಸಿದ್ದೇವೆಂಬ ಸೇನೆಯ ಮಾತನ್ನು ಸುಪ್ರೀಂ ಕೋರ್ಟ್ ನಂಬಲಿಲ್ಲ. 1984ರಲ್ಲಿ ಇಬ್ಬರ ಪತ್ನಿಯರಿಗೂ ತಲಾ 1 ಲಕ್ಷ ರೂಪಾಯಿ ಕೊಡಿಸಿತು. ಗಂಡಂದಿರನ್ನು ಕಳೆದುಕೊಂಡವರಿಗೆ ಅದು ಏನೇನೂ ಅಲ್ಲ, ಆದರೆ ಕೋರ್ಟು ಸೇನೆಯಿಂದ ಉತ್ತರ ಕೇಳಬಲ್ಲದೆಂಬುದು ಅಂದೇ ಸ್ಥಿರವಾಯಿತು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಒಂದು ವರ್ಷದೊಳಗೆ ದೂರು ಕೊಡಿ. ಆದರೆ ಅದನ್ನೇ ನೆಚ್ಚಿ ಕೂರಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸಶಸ್ತ್ರ ಪಡೆಗಳ ವಿಷಯದಲ್ಲಿ ಅದು ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದೇ ಹೊರತು ತಾನೇ ತನಿಖೆ ನಡೆಸುವಂತಿಲ್ಲ.

ಸಾವು ಸಂಭವಿಸಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಮತ್ತು ಎಫ್‌ಐಆರ್‌ಗಾಗಿ ಪಟ್ಟು ಹಿಡಿಯಿರಿ. ಮಣಿಪುರದ ಎನ್‌ಕೌಂಟರ್ ಸಾವುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ, ನಮ್ಮ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದ ಆಯೋಗ 2013ರಲ್ಲಿ ಆರು ಪ್ರಕರಣಗಳನ್ನು ಪರಿಶೀಲಿಸಿ, ಒಂದೂ ನಿಜವಾದ ಎನ್‌ಕೌಂಟರ್ ಅಲ್ಲವೆಂದು ಹೇಳಿತು. ಅದೇ ಮೊಕದ್ದಮೆಯಲ್ಲಿ, ಈ ಕಾಯ್ದೆಯಡಿ ಕ್ರಿಮಿನಲ್ ವಿಚಾರಣೆಯಿಂದ ಸಂಪೂರ್ಣ ವಿನಾಯಿತಿ ಯಾರಿಗೂ ಇಲ್ಲವೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೀಗಿದ್ದೂ ಸೈನಿಕರಿಗೆ ಕಾನೂನು ರಕ್ಷಣೆ ಕೊಡುವ 6ನೇ ಸೆಕ್ಷನ್ ತೋರಿಸಿ ದೂರು ನಿರಾಕರಿಸಿದರೆ, ಕೇಂದ್ರದ ಪೂರ್ವಾನುಮತಿ ಬೇಕಿರುವುದು ಮೊಕದ್ದಮೆ ನಡೆಸಲು, ಎಫ್‌ಐಆರ್ ದಾಖಲಿಸಲು ಅಲ್ಲವೆಂದು ತಿಳಿಸಿ, ದೂರನ್ನು ನೋಂದಾಯಿತ ಅಂಚೆಯಲ್ಲಿ ಎಸ್‌ಪಿಗೆ ಕಳುಹಿಸಿ; ಅಲ್ಲೂ ಆಗದಿದ್ದರೆ ಅಂಚೆ ರಸೀದಿಯೊಡನೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ.