ಮಾತ್ರೆ ಶೀಟಿನ ಮೇಲೆ ಎರಡು ಮಾತು ಬರೆದಿಡಿ

ದಿನಾ ಮಾತ್ರೆ ತಗೊಳೋರು ಮನೇಲಿದ್ರೆ ಹೊಸ ಶೀಟ್ ಬಂದ ತಕ್ಷಣ ಮಾರ್ಕರ್ ಪೆನ್ನಲ್ಲಿ ಅದರ ಮೇಲೆ ಎರಡು ವಿಷ್ಯ ಬರೀರಿ, ಒಂದು ಒಳಗಿರೋ ಔಷಧದ ಹೆಸರು (ಕಂಪನಿ ಇಟ್ಟ ಹೆಸರಲ್ಲ, ಶೀಟ್ ಮೇಲೇ ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಅಂತ ಇರತ್ತಲ್ಲ ಅದು), ಇನ್ನೊಂದು ಅದು ಯಾತಕ್ಕೆ ಅಂತ. "ಬಿಪಿಗೆ, ಬೆಳಗ್ಗೆ" ಅಂದ್ರೆ ಸಾಕು. ಕಂಪನಿ ಬದಲಾದ್ರೆ ಬಣ್ಣ, ಆಕಾರ, ಡಬ್ಬಿ ಎಲ್ಲಾ ಬದಲಾಗತ್ತೆ, ಒಳಗಿನ ಔಷಧ ಅದೇ ಇರತ್ತೆ, ಅದು ಗೊತ್ತಾಗ್ದೆ ಹಳೇದು ಹೊಸದು ಎರಡೂ ನುಂಗಿ ಡಬಲ್ ಡೋಸ್ ಆಗಿಬಿಡತ್ತೆ. "ಬಿಳೀ ಗುಂಡು ಮಾತ್ರೆ" ಅಂತ ನೆನಪಿಟ್ಕೊಂಡಿರೋ ವಯಸ್ಸಾದವ್ರಿಗೆ ಈ ಅಪಾಯ ಜಾಸ್ತಿ, ದಯವಿಟ್ಟು ಅವರ ಡಬ್ಬಿ ಒಂದ್ಸಲ ತೆಗೆದು ನೋಡಿ. ಮಾತ್ರೆ ಒತ್ತಿ ತೆಗೆಯೋವಾಗ ಎಕ್ಸ್‌ಪೈರಿ ಇರೋ ತುದಿ ಕೊನೇವರೆಗೂ ಉಳೀಲಿ, ಕತ್ತರಿಸಿ ಎಸೆದ್ರೆ ಆಮೇಲೆ ಏನೂ ಗೊತ್ತಾಗಲ್ಲ. ಹೀಗೆ ಹೆಸರು ಬರೆಯೋದು ಕೈಕೊಡೋದು ಕಾಂಬಿನೇಷನ್ ಮಾತ್ರೇಲಿ, ಒಂದರಲ್ಲೇ ಎರಡು ಮೂರು ಔಷಧ ಇರತ್ತೆ, ಎಲ್ಲಾ ಹೆಸರೂ ಬರೀಬೇಕು, ಇಲ್ಲಾಂದ್ರೆ ಅದರಲ್ಲಿರೋದೇ ಬೇರೆ ಶೀಟಲ್ಲೂ ಇದ್ದದ್ದು ಕಾಣಲ್ಲ. ಹೆಸರು ಒಂದೇ ಅಂತ ಎಸ್‌ಆರ್, ಎಕ್ಸ್‌ಆರ್ ಅಂತಿರೋದನ್ನ ಮಾಮೂಲಿ ಮಾತ್ರೆ ಬದಲು ತಗೋಬೇಡಿ, ಅವು ನಿಧಾನಕ್ಕೆ ಕರಗೋ ಥರ ಮಾಡಿರ್ತಾರೆ, ಮಿಲಿಗ್ರಾಮೂ ನೋಡ್ಕೊಳ್ಳಿ. ಯಾತಕ್ಕೆ ಅನ್ನೋದನ್ನ ಮಾತ್ರ ಊಹೆ ಮಾಡಿ ಬರೀಬೇಡಿ, ಪ್ರೊಪ್ರನೊಲಾಲ್ ಥರದ್ದನ್ನ ಬಿಪಿಗೂ ಕೊಡ್ತಾರೆ ಮೈಗ್ರೇನ್‌ಗೂ ಕೊಡ್ತಾರೆ, ಡಾಕ್ಟರನ್ನೇ ಕೇಳಿ. ಅವರು ಡೋಸ್ ಬದಲಿಸಿದ ದಿನಾನೇ ಹಳೇ ಬರಹ ಹೊಡೆದುಹಾಕಿ.