ಜಿಮೇಲ್ ಫಿಲ್ಟರ್ ಹಾಕಿ, ಆಫರ್ ಮೇಲ್‌ಗಳ ಕಾಟ ತಪ್ಪಿಸಿಕೊಳ್ಳಿ

ಸ್ಪ್ಯಾಮ್ ಅಂತ ನಾವು ಬೈಯುವ ಮೇಲ್‌ಗಳಲ್ಲಿ ಎರಡು ಜಾತಿ. ಒಂದು, ಲಾಟರಿ ಹೊಡೆದಿದೆ, ಇವತ್ತೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್ ಅನ್ನುವ ಅಪ್ಪಟ ಮೋಸದ್ದು. ಇನ್ನೊಂದು, ಯಾವತ್ತೋ ಒಂದು ಜೊತೆ ಚಪ್ಪಲಿ ತಗೊಂಡ ತಪ್ಪಿಗೆ ದಿನಾ ಬೆಳಗ್ಗೆ ಬಂದು ಬೀಳುವ ಆಫರ್. ಫಿಲ್ಟರ್, ಅಂದರೆ ಇಂಥ ಮೇಲ್ ಬಂದರೆ ಹೀಗೆ ಮಾಡು ಅಂತ ಜಿಮೇಲ್‌ಗೆ ನಾವು ಹಾಕಿಕೊಡುವ ನಿಯಮ, ನಿಜವಾಗಿ ಕೆಲಸಕ್ಕೆ ಬರೋದು ಈ ಎರಡನೇ ಜಾತಿಗೆ. ಮೋಸಗಾರ ದಿನಕ್ಕೊಂದು ವಿಳಾಸ ಬದಲಾಯಿಸುತ್ತಾನೆ, ಅವನ ಹಿಂದೆ ಫಿಲ್ಟರ್ ಹಿಡಿದು ಓಡೋದು ದಂಡ. ಅಂಥ ಮೇಲ್‌ಗೆ 'ರಿಪೋರ್ಟ್ ಸ್ಪ್ಯಾಮ್' ಒತ್ತಿ ಸುಮ್ಮನಾಗಿ. ಅದರೊಳಗೆ ಇರುವ, ಇನ್ನು ಮೇಲ್ ಬೇಡ ಅಂತ ಹೇಳುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಮಾತ್ರ ಮುಟ್ಟಲೇಬೇಡಿ. ಈ ವಿಳಾಸವನ್ನು ಯಾರೋ ನೋಡುತ್ತಿದ್ದಾರೆ ಅಂತ ನೀವೇ ಅವನಿಗೆ ಹೇಳಿಕೊಟ್ಟ ಹಾಗಾಗುತ್ತೆ.

ಅಂಗಡಿ, ಆ್ಯಪ್‌ಗಳ ಮೇಲ್ ಆದರೆ ಮೊದಲು ಅನ್‌ಸಬ್‌ಸ್ಕ್ರೈಬ್ ಮಾಡಿ ನೋಡಿ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಕೊಡಲೇಬೇಕು ಅಂತ ಗೂಗಲ್ 2024ರಲ್ಲಿ ನಿಯಮ ಜಾರಿಗೆ ತಂದಿತು. ಹಾಗಾಗಿ ಎಷ್ಟೋ ಮೇಲ್‌ಗಳಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಲಿಂಕ್ ಇರುತ್ತೆ. ಇಷ್ಟಾದರೂ ಬಿಡದೆ ಕಳಿಸುವವರಿಗೆ, ಅಥವಾ ಬಿಲ್ಲೂ ಬೇಕು ಆಫರ್ ಬೇಡ ಅನ್ನುವ ಕಡೆ, ಫಿಲ್ಟರ್.

ಇದನ್ನು ಕಂಪ್ಯೂಟರ್‌ನಲ್ಲಿ ಮಾಡಿ. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡೋಕೆ ಜಾಗವೇ ಇಲ್ಲ, ಆದರೆ ಕಂಪ್ಯೂಟರ್‌ನಲ್ಲಿ ಒಮ್ಮೆ ಮಾಡಿಟ್ಟರೆ ಫೋನಿನಲ್ಲೂ ಅದೇ ನಡೆಯುತ್ತೆ. ಮೇಲಿನ ಸರ್ಚ್ ಪಟ್ಟಿಯ ಬಲತುದಿಯಲ್ಲಿ ಒಂದು ಸಣ್ಣ ಗುರುತು ಇದೆ ನೋಡಿ, ಅದನ್ನು ಒತ್ತಿದರೆ ಫ್ರಮ್, ಟು, ಸಬ್ಜೆಕ್ಟ್ ಅಂತ ಖಾನೆಗಳು ಬಿಚ್ಚಿಕೊಳ್ಳುತ್ತವೆ. ಫ್ರಮ್ ಖಾನೆಯಲ್ಲಿ ಪೂರ್ತಿ ವಿಳಾಸ ಹಾಕುವ ಬದಲು @ ಗುರುತಿನ ನಂತರದ ಭಾಗ ಮಾತ್ರ ಹಾಕಿ. ಇವತ್ತು 'ಆಫರ್ಸ್' ಹೆಸರಲ್ಲಿ, ನಾಳೆ 'ನ್ಯೂಸ್' ಹೆಸರಲ್ಲಿ ಬಂದರೂ ಕಂಪನಿ ಅದೇ ಅಲ್ವಾ, ಎಲ್ಲವೂ ಸಿಕ್ಕಿಬೀಳುತ್ತೆ.

ಆದರೆ ಅದೇ ಕಂಪನಿ ನಿಮ್ಮ ಆರ್ಡರ್ ವಿವರ, ರೀಫಂಡ್ ಸುದ್ದಿ, ಓಟಿಪಿಯನ್ನೂ ಕಳಿಸುತ್ತೆ. ಅದಕ್ಕೆ 'ಡಸಂಟ್ ಹ್ಯಾವ್' ಅನ್ನುವ ಖಾನೆ ಇದೆ. ಅಲ್ಲಿ ಆರ್ಡರ್, ಇನ್‌ವಾಯ್ಸ್, ರೀಫಂಡ್, ಓಟಿಪಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಆ ಪದ ಇರುವ ಮೇಲ್ ಫಿಲ್ಟರ್‌ಗೆ ಸಿಗೋದಿಲ್ಲ. ಈಗ ಅವಸರ ಮಾಡಬೇಡಿ, 'ಕ್ರಿಯೇಟ್ ಫಿಲ್ಟರ್' ಒತ್ತುವ ಮುಂಚೆ ಒಮ್ಮೆ 'ಸರ್ಚ್' ಒತ್ತಿ, ಬಂದ ಪಟ್ಟಿಯನ್ನು ಎರಡು ಮೂರು ಪುಟ ಕೆಳಗಿನವರೆಗೂ ನೋಡಿ. ಬೇಕಾದ ಒಂದೇ ಒಂದು ಮೇಲ್ ಅಲ್ಲಿ ಕಂಡರೂ ಅದರಲ್ಲಿರುವ ಪದವನ್ನು 'ಡಸಂಟ್ ಹ್ಯಾವ್'ಗೆ ಸೇರಿಸಿ.

ಪಟ್ಟಿ ಸರಿಯಿದ್ದರೆ ಆ ಸಣ್ಣ ಗುರುತನ್ನು ಮತ್ತೆ ಒತ್ತಿ 'ಕ್ರಿಯೇಟ್ ಫಿಲ್ಟರ್' ಒತ್ತಿ. ಮುಂದಿನ ಪರದೆಯಲ್ಲಿ, ಸಿಕ್ಕ ಮೇಲ್‌ಗಳನ್ನು ಏನು ಮಾಡಬೇಕು ಅಂತ ಕೇಳುತ್ತೆ. ಎಲ್ಲರ ಕೈ ಮೊದಲು ಹೋಗೋದು 'ಡಿಲೀಟ್ ಇಟ್' ಮೇಲೆ. ಬೇಡ. 'ಸ್ಕಿಪ್ ದಿ ಇನ್‌ಬಾಕ್ಸ್' ಟಿಕ್ ಮಾಡಿ, ಜೊತೆಗೆ 'ಅಪ್ಲೈ ದಿ ಲೇಬಲ್'ನಲ್ಲಿ 'ಸಂತೆ' ಅಂತಲೋ ಏನೋ ಒಂದು ಲೇಬಲ್ ಮಾಡಿ ಹಾಕಿ. ಒಂದೆರಡು ವಾರ ಆ ಲೇಬಲ್ ಒಳಗೆ ಇಣುಕುತ್ತಿರಿ. ಬೇಕಾದ್ದೇನೂ ಅಲ್ಲಿಗೆ ಹೋಗುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಡಿಲೀಟ್‌ಗೆ ಬದಲಾಯಿಸಿಕೊಳ್ಳಿ. ಡಿಲೀಟ್ ಆದ ಮೇಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತೆ, ಆಮೇಲೆ ಹುಡುಕಿದರೂ ಸಿಗಲ್ಲ. ಹಳೇ ಮೇಲ್‌ಗಳಿಗೂ ಇದೇ ನಿಯಮ ಬೇಕಿದ್ದರೆ ಕೊನೆಯಲ್ಲಿರುವ 'ಆಲ್ಸೋ ಅಪ್ಲೈ ಫಿಲ್ಟರ್' ಟಿಕ್ ಮಾಡಿ. ಉಚಿತವಾಗಿ ಸಿಗುವ 15 ಜಿಬಿಯಲ್ಲೇ ನಿಮ್ಮ ಫೋಟೊ, ಡ್ರೈವ್ ಎಲ್ಲ ಇರುವುದರಿಂದ ಈ ಕಸ ಗುಡಿಸಿದರೆ ಒಂದಿಷ್ಟು ಜಾಗವೂ ಸಿಗುತ್ತೆ.

ಇಂಟರ್‌ನೆಟ್‌ನಲ್ಲಿ ತುಂಬಾ ಜನ ಕೊಡುವ ಒಂದು ಸಲಹೆ ಇದೆ: 'ಅನ್‌ಸಬ್‌ಸ್ಕ್ರೈಬ್' ಅನ್ನುವ ಪದ ಇರುವ ಮೇಲ್ ಎಲ್ಲವನ್ನೂ ಒಂದೇ ಫಿಲ್ಟರ್‌ನಲ್ಲಿ ಹಿಡಿದುಬಿಡಿ ಅಂತ. ನನಗೆ ಇದು ಅಷ್ಟು ಸರಿ ಅನ್ನಿಸಲ್ಲ. ಕೆಲಸದ ಮೇಲ್‌ಗಳ ಅಡಿಯಲ್ಲೂ ಆ ಪದ ಇರುತ್ತೆ. ಮಾಡಲೇಬೇಕು ಅಂದರೆ ಲೇಬಲ್‌ಗೆ ಮಾತ್ರ ಕಳಿಸಿ, ಡಿಲೀಟ್‌ಗೆ ಅಲ್ಲ.

ಇದರ ಉಲ್ಟಾ ಫಿಲ್ಟರ್ ಕೂಡ ಬೇಕಾಗುತ್ತೆ. ಮಗುವಿನ ಶಾಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆಲ್ಲ ಸ್ಪ್ಯಾಮ್‌ಗೆ ಬೀಳದಿರಲು ಆ ವಿಳಾಸಕ್ಕೆ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಟಿಕ್ ಮಾಡಿ. ಬ್ಯಾಂಕ್ ವಿಷಯದಲ್ಲಿ ಒಂದು ಎಚ್ಚರ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್‌ಗಳೆಲ್ಲ ತಮ್ಮ ವೆಬ್ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಾಯಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಹಳೇ ವಿಳಾಸಕ್ಕೆ ಫಿಲ್ಟರ್ ಹಾಕಿಟ್ಟಿದ್ದರೆ, ಈಗ ಮೇಲ್ ಯಾವ ವಿಳಾಸದಿಂದ ಬರುತ್ತಿದೆ ಅಂತ ನೋಡಿ ಸರಿಮಾಡಿಕೊಳ್ಳಿ.

ಇನ್ನು ಮುಂದೆ ಹೊಸ ಅಂಗಡಿ, ಹೊಸ ಆ್ಯಪ್‌ಗೆ ಮೇಲ್ ವಿಳಾಸ ಕೊಡುವಾಗ ನಿಮ್ಮ ಹೆಸರಿಗೂ @ ಗುರುತಿಗೂ ನಡುವೆ ಪ್ಲಸ್ ಹಾಕಿ ಒಂದು ಪದ ಸೇರಿಸಿ. ಉದಾಹರಣೆಗೆ ಪ್ಲಸ್ ಹಾಕಿ 'ಚಪ್ಪಲಿ' ಅಂತ, ಇಂಗ್ಲಿಷ್ ಅಕ್ಷರದಲ್ಲೇ. ಮೇಲ್ ನಿಮ್ಮ ಮಾಮೂಲಿ ಇನ್‌ಬಾಕ್ಸ್‌ಗೇ ಬರುತ್ತೆ. ಆಮೇಲೆ ಟು ಖಾನೆಯಲ್ಲಿ ಆ ವಿಳಾಸ ಹಾಕಿ ಫಿಲ್ಟರ್ ಮಾಡಿದರೆ ಆಯ್ತು. ನಿಮ್ಮ ವಿಳಾಸವನ್ನು ಯಾರು ಇನ್ನೊಬ್ಬರಿಗೆ ದಾಟಿಸಿದರು ಅನ್ನುವುದೂ ಎಷ್ಟೋ ಸಲ ಇದರಿಂದ ಗೊತ್ತಾಗುತ್ತೆ. ಕೆಲವು ಸೈಟ್‌ಗಳು ಪ್ಲಸ್ ಇರುವ ವಿಳಾಸ ಒಪ್ಪಲ್ಲ, ಅಲ್ಲಿ ಏನೂ ಮಾಡೋಕಾಗಲ್ಲ.

ಮಾಡಿದ ಫಿಲ್ಟರ್‌ಗಳೆಲ್ಲ ಸೆಟ್ಟಿಂಗ್ಸ್ ಒಳಗೆ 'ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್'ನಲ್ಲಿ ಸಿಗುತ್ತವೆ, ತಿದ್ದೋದೂ ತೆಗೆಯೋದೂ ಅಲ್ಲೇ. ಅಲ್ಲಿಗೆ ಹೋದಾಗ ನೀವು ಮಾಡದ ಫಿಲ್ಟರ್ ಏನಾದರೂ ಇದೆಯಾ ನೋಡಿ. ಖಾತೆಗೆ ನುಗ್ಗಿದ ಕಳ್ಳರು ಬ್ಯಾಂಕ್ ಮೇಲ್‌ಗಳನ್ನು ತಮಗೆ ಫಾರ್ವರ್ಡ್ ಮಾಡಿಕೊಂಡು ನಿಮ್ಮ ಕಣ್ಣಿಗೆ ಬೀಳದ ಹಾಗೆ ಅಳಿಸೋದಕ್ಕೂ ಇದೇ ಫಿಲ್ಟರ್ ಬಳಸುತ್ತಾರೆ. ಅಂಥದ್ದು ಕಂಡರೆ ಫಿಲ್ಟರ್ ತೆಗೆದು, ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ.